ಯಾರೋ ಎಳೆದ ಗೆರೆ, ನಮ್ಮ ದಿನಚರಿ

(ದಾವಣಗೆರೆಯಲ್ಲಿ ಕಾಲೇಜು ವಿದ್ಯಾರ್ಥಿಗಳು ಹಾಗೂ ಮಲೆನಾಡಿನ ಊರುಗಳಿಂದ ಬಂದ ಗ್ರಾಮಸ್ಥರು ಸೇರಿದ್ದ ಸಭೆಯಲ್ಲಿ ಕೃಷಿ ವಿಜ್ಞಾನಿಯೊಬ್ಬರು ಮಾಡಿದ ಭಾಷಣದ ಬರಹರೂಪ. – ಸಂ.)



ಮಣ್ಣು, ನೀರು, ಬೆಳೆಗಳ ಬಗ್ಗೆ ಮಾತನಾಡುವುದು ನನ್ನ ವೃತ್ತಿ. ಇಂದು ವಿನ್ಯಾಸದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದ್ದಾರೆ. ವಿನ್ಯಾಸವೆಂದರೆ ವಾಸ್ತುಶಿಲ್ಪಿಗಳಿಗೂ ಜಾಹೀರಾತಿನವರಿಗೂ ಸೇರಿದ ಸಂಗತಿ ಎಂಬ ಭಾವನೆ ಸಾಮಾನ್ಯವಾಗಿ ಇದೆ. ಆದರೆ ಮನೆಯ ಮಾಡು, ತೊಡುವ ಅಂಗಿ, ನೀರಿನ ಕೊಡ, ಅಡಿಕೆಯ ಪೊಟ್ಟಣ, ಇವೆಲ್ಲವುಗಳ ಆಕಾರ, ಅಳತೆ, ಸಾಮಗ್ರಿಗಳನ್ನು ಎಲ್ಲೋ ಒಂದು ಕಡೆ ಯಾರೋ ನಿರ್ಧರಿಸಿರುತ್ತಾರೆ. ಆ ಬಳಿಕ ನಾವು ಏಳುವ, ಕೂರುವ, ಉಣ್ಣುವ, ಮಲಗುವ ರೀತಿ ಅದಕ್ಕೆ ಹೊಂದಿಕೊಳ್ಳುತ್ತದೆ. ಅದಕ್ಕೆ ಬೇಕಾಗುವ ಮರ, ನೀರು, ವಿದ್ಯುತ್ತು ಎಲ್ಲಿಂದ ಬರಬೇಕೆಂಬುದೂ ಅದೇ ಕ್ಷಣದಲ್ಲಿ ನಿಶ್ಚಯವಾಗಿರುತ್ತದೆ. ಬಹಳ ಸಲ ಅದು ಬರುವುದು ಮಲೆನಾಡಿನಿಂದ. ನಿರ್ಧಾರ ಮಾಡುವಾಗ ಮಲೆನಾಡಿನವರು ಮಾತ್ರ ಅಲ್ಲಿ ಇರುವುದಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದು ಇದೇ ಸೀಮೆಯ ಉದಾಹರಣೆಗಳು.

ಮನೆಯಿಂದ ಆರಂಭಿಸೋಣ. ದಾವಣಗೆರೆ, ಹರಿಹರ, ಜಗಳೂರು ಕಡೆಯ ಹಳ್ಳಿಗಳಲ್ಲಿ ಹಳೆಯ ಮಾಳಿಗೆ ಮನೆಗಳು ಅಲ್ಲಲ್ಲಿ ಉಳಿದಿವೆ. ದಪ್ಪನೆಯ ಮಣ್ಣಿನ ಗೋಡೆ, ಮರದ ತೊಲೆ ಮತ್ತು ಜಂತೆ, ಅದರ ಮೇಲೆ ಕಡ್ಡಿ-ಸೊಪ್ಪಿನ ಹಾಸು, ಆ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಕರಲು ಮಣ್ಣಿನ ಪದರ. ನಡುವೆ ಬೆಳಕಿಗೂ ಹೊಗೆಗೂ ಒಂದು ಗವಾಕ್ಷಿ. ಈ ಕರಲು ಮಣ್ಣಿನ ವಿಷಯದಲ್ಲಿ ನನಗೆ ವೃತ್ತಿಸಹಜವಾದ ಕುತೂಹಲವಿದೆ. ಕರಲು ಅಥವಾ ಚೌಳು ಎಂದು ನಾವು ಕರೆಯುವ ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ಒದ್ದೆಯಾದಾಗ ಅದರ ಜೇಡಿಯ ಸೂಕ್ಷ್ಮ ಕಣಗಳು ಒಂದರಿಂದೊಂದು ಬಿಡಿಸಿಕೊಂಡು ಹರಡಿ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ನೀರು ಕೆಳಗೆ ಇಳಿಯುವುದಿಲ್ಲ. ಭದ್ರಾ ಅಚ್ಚುಕಟ್ಟಿನಲ್ಲಿ ನೀರು ನಿಂತು ಚೌಳಾದ ಗದ್ದೆಯನ್ನು ರೈತರು ಏಕೆ ಶಪಿಸುತ್ತಾರೆಂದರೆ ಇದೇ ಗುಣಕ್ಕಾಗಿ. ಬೇರಿಗೆ ಗಾಳಿ ಸಿಗುವುದಿಲ್ಲ, ಜಿಪ್ಸಮ್ ಹಾಕಿ ಸರಿಪಡಿಸಿರಿ ಎಂದು ನಾವು ಸಲಹೆ ಕೊಡುತ್ತೇವೆ. ಮಳೆ ಕಡಿಮೆ ಇರುವ ಸೀಮೆಯ ಮಾಳಿಗೆಗೆ ಬೇಕಾದುದೂ ಇದೇ ಗುಣ. ಮಣ್ಣಿನ ರಸಾಯನಶಾಸ್ತ್ರ ಓದದವರು, ಬೆಳೆಗೆ ಬಾರದ ಮಣ್ಣನ್ನು ಹುಡುಕಿ ಮನೆಯ ತಲೆಗೆ ಹೊದಿಸಿದ್ದರು.

ಮಾಳಿಗೆ ಮನೆಯನ್ನು ಹೊಗಳಿ ಕಣ್ಣೀರು ಹಾಕುವವರ ಸಾಲಿಗೆ ನಾನು ಸೇರಿದವನಲ್ಲ. ಅದರೊಳಗೆ ಬೆಳಕು ಕಡಿಮೆ, ಅಡುಗೆಮನೆಯಲ್ಲಿ ಹೊಗೆ, ಜಂತೆಯ ಸಂದಿಯಲ್ಲಿ ಚೇಳು. ಮಳೆಗಾಲಕ್ಕೆ ಮುನ್ನ ಕರಲು ಹೊತ್ತು ತಂದು ಹರಡುವ ಕೆಲಸ ವರ್ಷವರ್ಷವೂ ತಪ್ಪುವುದಿಲ್ಲ. ತೊಲೆ-ಜಂತೆಗಳ ಮರ ಎಷ್ಟೋ ಮನೆಗಳಿಗೆ ಕಾಡಿನಿಂದಲೇ ಬಂದದ್ದು. ಹೀಗಿದ್ದೂ ಏಪ್ರಿಲ್ ತಿಂಗಳ ಮಧ್ಯಾಹ್ನ ಅದರೊಳಗೆ ಮಲಗಿ ನಿದ್ದೆ ಮಾಡಬಹುದಿತ್ತು. ಅದರ ದಪ್ಪ ಮಾಡಿನ ಮೂಲಕ ಬಿಸಿಲಿನ ಕಾವು ಒಳಗೆ ಇಳಿಯುವಷ್ಟರಲ್ಲಿ ರಾತ್ರಿಯಾಗಿ, ಬಂದ ಕಾವು ಅತ್ಯಲ್ಪವಾಗಿರುತ್ತಿತ್ತು.

ಈಗ ಕಟ್ಟುತ್ತಿರುವುದು ನಾಲ್ಕೈದು ಅಂಗುಲ ದಪ್ಪದ ಕಾಂಕ್ರೀಟ್ ತಾರಸಿ. ಮಧ್ಯಾಹ್ನದ ಬಿಸಿಲನ್ನು ಹೀರಿಕೊಂಡು ಕೆಲವು ಗಂಟೆಗಳ ನಂತರ ಅದು ಕೆಳಗೆ ಬಿಡುತ್ತದೆ. ಕೆಲಸ ಮುಗಿಸಿ ಮನೆಗೆ ಬಂದು ಕುಳಿತಾಗಲೇ ಮಾಡು ನಮ್ಮ ಮೇಲೆ ಕಾವು ಸುರಿಯುತ್ತಿರುತ್ತದೆ. ಆಗ ಫ್ಯಾನು, ಕೂಲರು, ಸ್ಥಿತಿವಂತರಾದರೆ ಎ.ಸಿ. ಊರೆಲ್ಲ ಒಂದೇ ಹೊತ್ತಿಗೆ ಗುಂಡಿ ಒತ್ತುತ್ತದೆ. ಇದನ್ನೇ ವಿದ್ಯುತ್ ಇಲಾಖೆಯವರು ಸಂಜೆಯ ಗರಿಷ್ಠ ಬೇಡಿಕೆ ಎನ್ನುತ್ತಾರೆ. ಶರಾವತಿ ಕಣಿವೆಯ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಪ್ರಸ್ತಾಪಿಸಿರುವ 2000 ಮೆಗಾವಾಟ್‌ಗಳ ಪಂಪ್ಡ್ ಸ್ಟೋರೇಜ್ ಯೋಜನೆಗೆ ಕೊಡುವ ಸಮರ್ಥನೆಯೂ ಗರಿಷ್ಠ ಬೇಡಿಕೆಯ ಹೊತ್ತಿನ ವಿದ್ಯುತ್ತೇ ಆಗಿದೆ. ದಾವಣಗೆರೆಯ ತಾರಸಿಯೊಂದರಿಂದಲೇ ಶರಾವತಿಯ ಕಾಡಿಗೆ ಕುತ್ತು ಬಂತು ಎನ್ನುವಷ್ಟು ಸರಳ ಲೆಕ್ಕ ಇದಲ್ಲ. ಕಾರ್ಖಾನೆಗಳಿವೆ, ಪಂಪ್‌ಸೆಟ್ಟುಗಳಿವೆ, ಬೆಂಗಳೂರು ಇದೆ. ಆದರೂ ಈ ಎರಡರ ನಡುವೆ ತಂತಿಯೊಂದು ಇರುವುದು ನಿಜ. ಲಿಂಗನಮಕ್ಕಿಯ ನೀರಿನಲ್ಲಿ ಊರು ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲಿಯೂ ಇದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಾಜಿನ ವಿಷಯ ಇನ್ನೂ ವಿಚಿತ್ರ. ಕುಂದವಾಡ ಕೆರೆಯ ಸಮೀಪದಲ್ಲಿ ನಗರಕ್ಕೊಂದು ಗಾಜಿನ ಮನೆ ಬಂದಿದೆ. ಪುಷ್ಪ ಪ್ರದರ್ಶನಕ್ಕೆ, ಸಂಜೆಯ ವಿಹಾರಕ್ಕೆ ಜನ ಹೋಗುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ಇರುವುದು ಅಂಗಡಿ, ಬ್ಯಾಂಕು, ಆಸ್ಪತ್ರೆಗಳ ಮುಖಕ್ಕೆ ನೆಲದಿಂದ ನೆತ್ತಿಯವರೆಗೆ ಗಾಜು ಹೊದಿಸುವ ಈಗಿನ ರೂಢಿಯ ಬಗ್ಗೆ. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಒಳಗಿನ ವಸ್ತುಗಳು ಕಾದು ಹೊರಸೂಸುವ ಶಾಖವನ್ನು ಹೊರಗೆ ಬಿಡುವುದಿಲ್ಲ. ಚಳಿದೇಶದವರು ಗಿಡಗಳನ್ನು ಬೆಚ್ಚಗಿಡಲು ಗಾಜಿನ ಮನೆ ಕಟ್ಟಿಕೊಂಡದ್ದು ಈ ಕಾರಣದಿಂದ. ನಾವು ರೈತರಿಗೆ ಪಾಲಿಹೌಸ್ ಹಾಕಿಸುವಾಗಲೂ ಮೇಲೆ ಗಾಳಿಕಿಂಡಿ ಬಿಡಿಸುತ್ತೇವೆ, ನೆರಳು ಪರದೆ ಕಟ್ಟಿಸುತ್ತೇವೆ. ಇಲ್ಲದಿದ್ದರೆ ಬೇಸಿಗೆಯಲ್ಲಿ ದೊಣ್ಣೆಮೆಣಸಿನ ಹೂವು ಉದುರುತ್ತದೆ. ಗಿಡಕ್ಕೆ ತೋರಿಸುವ ಕನಿಕರವನ್ನು ಗಾಜಿನ ಹಿಂದೆ ಕುಳಿತ ಗುಮಾಸ್ತನಿಗೆ ತೋರಿಸುವವರಿಲ್ಲ. ಅವನಿಗೆ ಎ.ಸಿ. ಇದೆ, ವಿದ್ಯುತ್ ಹೋದರೆ ಜನರೇಟರ್ ಇದೆ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಇಲ್ಲಿಂದ ಸ್ವಲ್ಪವೇ ದೂರದ ಹರಿಹರಕ್ಕೆ ಬನ್ನಿ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1223-24ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವನ್ನು ವಿದ್ಯಾರ್ಥಿಗಳು ಪ್ರವಾಸದಲ್ಲಿ ನೋಡಿರುತ್ತೀರಿ. ಶಿಲ್ಪಕಲೆಯ ಮಾತು ಬೇಡ, ಅದರ ತೆರೆದ ಮಂಟಪವನ್ನು ಮಾತ್ರ ಗಮನಿಸಿ. ಅಂಚಿಗೆ ಸುಮಾರು ಮೂರು ಅಡಿಯ ಗಿಡ್ಡ ಗೋಡೆ, ಅದರ ಮೇಲೆ ಕಡೆದ ಅರೆಗಂಬಗಳು, ಮುಂದಕ್ಕೆ ಚಾಚಿದ ಸೂರು. ಬಿಸಿಲು ನೆತ್ತಿಯ ಮೇಲಿದ್ದಾಗಲೂ ಒಳಗೆ ನೆರಳು ಮತ್ತು ಗಾಳಿ. ಎಂಟುನೂರು ವರ್ಷಗಳಿಂದ ಯಾತ್ರಿಕರು, ಮುದುಕರು, ಮಕ್ಕಳು ಅಲ್ಲಿ ಕುಳಿತು ಎದ್ದಿದ್ದಾರೆ. ಇದರ ಜೊತೆಗೆ ಹೆದ್ದಾರಿಯ ಬಸ್ ತಂಗುದಾಣವನ್ನು ಇಟ್ಟು ನೋಡಿ. ಮಾಡು ಎಷ್ಟು ಎತ್ತರದಲ್ಲಿ, ಎಷ್ಟು ಕಿರಿದಾಗಿ ಇರುತ್ತದೆಂದರೆ ಅದರ ನೆರಳು ತಂಗುದಾಣದ ಹಿಂದಿನ ಚರಂಡಿಯ ಮೇಲೆ ಬೀಳುತ್ತದೆ. ಕೂರಲು ಉಕ್ಕಿನ ಕೊಳವೆಗಳು. ಯಾರೂ ಮಲಗಬಾರದೆಂದು ನಡುನಡುವೆ ಅಡ್ಡಪಟ್ಟಿ. ಮೇ ತಿಂಗಳಲ್ಲಿ ಆ ಕೊಳವೆಯ ಮೇಲೆ ಬಾಣಂತಿಯೊಬ್ಬಳು ಹೇಗೆ ಕುಳಿತಾಳು? ಜನಪ್ರತಿನಿಧಿಗಳ ಭಾವಚಿತ್ರಕ್ಕೆ ಮಾತ್ರ ಯಾವ ಕೊರತೆಯೂ ಇರುವುದಿಲ್ಲ.

ಹರಿಹರದ ಆ ಕಂಬಗಳು ತಿರುಗಿಸಿ ಕಡೆದವು ಎಂದೆ. ಅದೇ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ಮಾಡಲಾರಂಭಿಸಿತು. ಆ ಜಾಗಕ್ಕೆ ಯಂತ್ರಾಪುರ ಎಂದೇ ಹೆಸರಾಯಿತು. ಲೇತ್ ಎಂಬುದು ಬೇರೆ ಯಂತ್ರಗಳ ಭಾಗಗಳನ್ನು ಮಾಡುವ ಯಂತ್ರ. ಒಂದೇ ಅಳತೆಯ ವಸ್ತುವನ್ನು ಸಾವಿರ ಸಲ ತಪ್ಪಿಲ್ಲದೆ ಮಾಡಲು ಅದರಿಂದಲೇ ಸಾಧ್ಯವಾದದ್ದು. ಹರಿಹರದ ಲೇತ್‌ಗಳು ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ ತಿರುಗಿದವು. 2000ದ ದಶಕದ ಆರಂಭಕ್ಕೆ ಕಾರ್ಖಾನೆ ಮುಚ್ಚಿತು. ಅಲ್ಲಿ ಕೈಪಳಗಿದ ಕುಶಲಕರ್ಮಿಗಳ ವಿದ್ಯೆ ಏನಾಯಿತೆಂದು ಯಾರಾದರೂ ವಿದ್ಯಾರ್ಥಿ ಬರೆದಿಡುವುದು ಒಳ್ಳೆಯದು. ಅವರ ವಯಸ್ಸು ನಮಗಾಗಿ ಕಾಯುವುದಿಲ್ಲ.

ಈಗ ಬಟ್ಟೆಯ ಕಡೆಗೆ ಹೋಗೋಣ. ಇದೇ ನನ್ನ ಮಾತಿನ ತಿರುಳು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲವಿತ್ತು. ಸುತ್ತಲಿನ ಎರೆಭೂಮಿಯ ಹತ್ತಿ ಇಲ್ಲಿನ ಗಿರಣಿಗಳಲ್ಲಿ ನೂಲಾಗಿ, ಬಟ್ಟೆಯಾಗಿ ಹೊರಬರುತ್ತಿತ್ತು. ಗಿರಣಿಗಳು ಒಂದೊಂದಾಗಿ ನಿಂತವು. ಅದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಬಟ್ಟೆಯ ರುಚಿ ಬದಲಾದದ್ದೂ ಒಂದು. ಮುದುಡದ, ಬೇಗ ಒಣಗುವ, ಬಣ್ಣ ಬಿಡದ ಬಟ್ಟೆ ಬೇಕೆಂದು ಪೇಟೆ ಕೇಳಿತು. ಹಳ್ಳಿಯ ಹೆಣ್ಣುಮಕ್ಕಳಿಗೆ ಒಗೆಯುವ ಶ್ರಮ ಅದರಿಂದ ಕಡಿಮೆಯಾಯಿತು ಎಂಬುದನ್ನು ಖಾದಿ ತೊಟ್ಟು ಭಾಷಣ ಮಾಡುವ ನಾವು ಮರೆಯಬಾರದು. ನಮ್ಮ ಮಕ್ಕಳ ಶಾಲೆಯ ಸಮವಸ್ತ್ರವನ್ನೇ ನೋಡಿ. ಅನೇಕ ಕಡೆ ಅದು ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಬೆರೆತ ಬಟ್ಟೆ. ಪಾಲಿಯೆಸ್ಟರ್ ಬರುವುದು ಪೆಟ್ರೋಲಿಯಂನಿಂದ. ವಿಸ್ಕೋಸ್ ಎಲ್ಲಿಂದ? ಮರದಿಂದ. ಮರವನ್ನು ಚೂರು ಮಾಡಿ, ರಾಸಾಯನಿಕಗಳಲ್ಲಿ ಬೇಯಿಸಿ ತಿರುಳು ತೆಗೆದು, ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್‌ಗಳಿಂದ ಕರಗಿಸಿ, ಸೂಜಿರಂಧ್ರಗಳ ಮೂಲಕ ಆಮ್ಲದೊಳಕ್ಕೆ ಹಾಯಿಸಿದರೆ ನಾರು ಸಿದ್ಧವಾಗುತ್ತದೆ. ಇದಕ್ಕೆ ನೀರು ಬಹಳ ಬೇಕು, ಕೊಳೆನೀರನ್ನು ಬಿಡಲು ಜಾಗವೂ ಬೇಕು.

ಹರಿಹರದ ಸೇತುವೆ ದಾಟಿದರೆ ಆಚೆ ದಡದಲ್ಲಿ ಕುಮಾರಪಟ್ಟಣ. ಇಂದು ಅದು ಹಾವೇರಿ ಜಿಲ್ಲೆಗೆ ಸೇರಿದೆ. 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಅಲ್ಲಿ ಮರದ ತಿರುಳು ತೆಗೆಯಲಾರಂಭಿಸಿತು. ಸಾವಿರಾರು ಜನರಿಗೆ ಅನ್ನ ಕೊಟ್ಟಿತು. 1980ರ ದಶಕದಲ್ಲಿ ಕೆಳಗಿನ ಊರುಗಳ ಜನ, ನದಿಯಲ್ಲಿ ಮೀನು ಸಾಯುತ್ತಿದೆ, ನೀರು ಮುಟ್ಟಿದರೆ ಮೈ ತುರಿಸುತ್ತದೆ ಎಂದು ಬೀದಿಗಿಳಿದರು. ತುಂಗಭದ್ರೆಯ ಆ ಹೋರಾಟದ ಕಥೆ ನಿಮ್ಮಲ್ಲಿ ಹಿರಿಯರಿಗೆ ನೆನಪಿದೆ. ಅದಕ್ಕೆ ಸಮಾನಾಂತರವಾಗಿ ಮೇಲಿನ ಗುಡ್ಡಗಳಲ್ಲಿ ಇನ್ನೊಂದು ಕಥೆ ನಡೆದಿತ್ತು. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಈ ಕಾರ್ಖಾನೆಯ ಸಹಭಾಗಿತ್ವದಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಸಂಸ್ಥೆ ಹುಟ್ಟಿತು. ಮಲೆನಾಡು, ಅರೆಮಲೆನಾಡುಗಳ ಸುಮಾರು 30,000 ಹೆಕ್ಟೇರ್ 'ಸಿ' ಮತ್ತು 'ಡಿ' ದರ್ಜೆಯ ಭೂಮಿಯಲ್ಲಿ ನೀಲಗಿರಿಯಂಥ ಮರ ಬೆಳೆದು ತಿರುಳಿಗೆ ಒದಗಿಸುವುದು ಅದರ ಉದ್ದೇಶ. ಕಂದಾಯದ ಕಡತದಲ್ಲಿ ಬೀಳು ಎಂದು ಬರೆದಿದ್ದ ಆ ಭೂಮಿ ಹಳ್ಳಿಗರ ಪಾಲಿಗೆ ದನದ ಮೇವು, ಸೌದೆ, ಸೊಪ್ಪು, ಗೊಬ್ಬರ.

1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಮೇವಿನ, ಹಣ್ಣಿನ ಸಸಿಗಳನ್ನು ನೆಟ್ಟರು. ಅದಕ್ಕೆ 'ಕಿತ್ತಿಕೊ ಹಚ್ಚಿಕೊ' ಎಂದು ಹೆಸರು. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಮುಂದಾಳಾಗಿದ್ದರು, ಶಿವರಾಮ ಕಾರಂತರು ಜೊತೆಗೂಡಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1991ರಲ್ಲಿ ಸರ್ಕಾರ ಆ ಸಂಸ್ಥೆಯನ್ನು ಮುಚ್ಚಿತು. ಈ ಹೋರಾಟವನ್ನು ಭೂಮಿಯ ಹೋರಾಟವೆಂದು, ನದಿಯ ಹೋರಾಟವೆಂದು ಬಣ್ಣಿಸಿದ್ದೇವೆ. ನಾನು ಸೇರಿಸುವುದು ಇಷ್ಟೆ: ಅದು ಒಂದು ಬಟ್ಟೆಯ ವಿನ್ಯಾಸದ ಕಥೆಯೂ ಹೌದು. ಹತ್ತಿ ಬೆಳೆಯುವ ಬಯಲಿನ ನಡುವೆ ಕುಳಿತು ಮರದ ಬಟ್ಟೆ ತೊಡುವುದೆಂದು ತೀರ್ಮಾನವಾದಾಗ, ನಮ್ಮ ಸೊಪ್ಪಿನ ಬೆಟ್ಟ, ಗೋಮಾಳಗಳ ಕಡೆಗೆ ಲಾರಿಗಳ ಮುಖ ತಿರುಗಿತು. ಹತ್ತಿಯೇನೂ ಸಾಧು ಬೆಳೆಯಲ್ಲ, ಅದಕ್ಕೆ ಸುರಿಯುವ ಕೀಟನಾಶಕದ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಆದರೆ ಹತ್ತಿಯ ಹೊಲದ ಒಡೆಯ ಏನು ಬೆಳೆಯಬೇಕೆಂದು ತಾನೇ ನಿರ್ಧರಿಸುತ್ತಾನೆ. ಗೋಮಾಳದ ಹಸುವನ್ನು ಯಾರೂ ಕೇಳಿರಲಿಲ್ಲ.

ಇಷ್ಟರವರೆಗೆ ಮಲೆನಾಡಿಗೆ ಏನಾಯಿತೆಂದು ಹೇಳಿದೆ. ಮಲೆನಾಡಿನಿಂದಲೇ ಹೋದದ್ದು ಏನಾಯಿತೆಂಬುದನ್ನೂ ಹೇಳಬೇಕು. ತೋಟದವರಾದ ನಮಗೆ ಈ ಮಾತು ಹಿತವಲ್ಲ. ಎಲೆ ಅಡಿಕೆಯ ತಟ್ಟೆಯನ್ನು ನೆನಪಿಸಿಕೊಳ್ಳಿ. ಹಿತ್ತಾಳೆಯ ತಟ್ಟೆ, ಅಡಕೊತ್ತು, ಸುಣ್ಣದ ಡಬ್ಬಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ. ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಕತ್ತರಿಸಿ ಬಾಯಿಗಿಡಲು ಎರಡು ನಿಮಿಷ ಬೇಕು, ಎರಡು ಕೈ ಬೇಕು, ಎದುರಿಗೊಬ್ಬರು ಇರಬೇಕು. ಚೀಟಿಯಷ್ಟಗಲದ ಪೊಟ್ಟಣ ಬಂದ ಮೇಲೆ ಇದಾವುದೂ ಬೇಡವಾಯಿತು. ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದವನೂ ಇನ್ನೊಂದು ಕೈಯಲ್ಲಿ ಪೊಟ್ಟಣ ಹರಿದು ಬಾಯಿಗೆ ಸುರಿದುಕೊಳ್ಳಬಲ್ಲ. ಶಾಲೆಯ ಹುಡುಗನ ಜೇಬಿನ ಚಿಲ್ಲರೆಗೂ ಅದು ದಕ್ಕುತ್ತದೆ. ಒಳಗಿನ ಪದಾರ್ಥಕ್ಕಿಂತ ಆ ಪೊಟ್ಟಣದ ಆಕಾರವೇ ಚಟವನ್ನು ಊರೂರಿಗೆ ಹೊತ್ತುಕೊಂಡು ಹೋಯಿತು. ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಆ ಚೂರನ್ನು ಗುಜರಿಯವನೂ ಮುಟ್ಟುವುದಿಲ್ಲ. ಅದು ಚರಂಡಿಗೆ, ಚರಂಡಿಯಿಂದ ಹೊಳೆಗೆ.

ಗುಟ್ಕಾ, ಪಾನ್ ಮಸಾಲಾಗಳಿಗೆ ಪ್ಲಾಸ್ಟಿಕ್ ಪೊಟ್ಟಣ ಬಳಸುವುದನ್ನು 2011ರಲ್ಲಿ ನಿಷೇಧಿಸಲಾಯಿತು. ಕರ್ನಾಟಕದಲ್ಲಿ ಗುಟ್ಕಾವನ್ನೇ 2013ರಲ್ಲಿ ನಿಷೇಧಿಸಲಾಯಿತು. ಕೂಡಲೇ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದವು. ಅಂಗೈಯಲ್ಲಿ ಎರಡನ್ನೂ ಬೆರೆಸಿಕೊಂಡರೆ ಮುಗಿಯಿತು. ವಿನ್ಯಾಸಕಾರನ ಬುದ್ಧಿ ಕಾನೂನಿಗಿಂತ ಚುರುಕಾಗಿತ್ತು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿದೆ. ಈ ವರದಿಯ ವಿರುದ್ಧ ನಮ್ಮ ಬೆಳೆಗಾರರ ಸಂಘಗಳಲ್ಲಿ ಎಷ್ಟೋ ಮಾತು ನಡೆದಿದೆ, ನಡೆಯಲಿ. ಆದರೆ ಚನ್ನಗಿರಿ ಕಡೆಯ ಭತ್ತದ ಗದ್ದೆಗಳೆಲ್ಲ ಒಂದೊಂದಾಗಿ ಅಡಿಕೆ ತೋಟಗಳಾಗುತ್ತಿರುವಾಗ, ರಾಶಿ ಅಡಿಕೆಯ ಧಾರಣೆ ಒಂದು ಪೊಟ್ಟಣದ ಮೇಲೆ ನಿಂತಿದೆ ಎಂಬುದನ್ನು ತಿಳಿದೇ ಸಸಿ ನೆಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಹೊಸದೆಲ್ಲ ಕೆಟ್ಟದ್ದೆಂದು ನೀವು ಎದ್ದು ಹೋಗಬಾರದು. ನನ್ನ ಮಟ್ಟಿಗೆ, ಕಳೆದ ತಲೆಮಾರಿನ ಒಳ್ಳೆಯ ವಿನ್ಯಾಸಗಳಲ್ಲಿ ಪ್ಲಾಸ್ಟಿಕ್ ಕೊಡವೂ ಒಂದು. ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಅದರ ಬೆನ್ನಿಗೆ. ಅವರು ಈ ದೇಶದ ವಸ್ತುಗಳಲ್ಲಿ ವಿಶೇಷವಾಗಿ ಮೆಚ್ಚಿಕೊಂಡದ್ದು ನಮ್ಮ ಚೊಂಬನ್ನು. ಕೊಡ ಚೊಂಬಿನ ಅಕ್ಕ. ಪ್ಲಾಸ್ಟಿಕ್ ಕೊಡ ಮಾಡಿದವರು ಹಿತ್ತಾಳೆ ಕೊಡದ ಕಂಠ, ಸೊಂಟಕ್ಕೆ ಒರಗುವ ಉಬ್ಬು ಎರಡನ್ನೂ ಉಳಿಸಿಕೊಂಡು ಭಾರವನ್ನು ಮಾತ್ರ ಇಳಿಸಿದರು. ಇಪ್ಪತ್ತು ಲೀಟರಿನ ನೀರಿನ ಕ್ಯಾನಿಗೆ ಸೊಂಟವಿಲ್ಲ. ಅದನ್ನು ಗಾಡಿಯ ಮೇಲಿಡಬೇಕು ಇಲ್ಲವೇ ಹೆಗಲಿಗೇರಿಸಬೇಕು. ಹೀಗಾಗಿ ಶುದ್ಧ ನೀರಿನ ಘಟಕವಿರುವ ಹಳ್ಳಿಗಳಲ್ಲಿ ಬೈಕಿನ ಮೇಲೆ ನೀರು ತರುವ ಗಂಡುಮಕ್ಕಳು ಕಾಣುತ್ತಾರೆ. ಸುಧಾರಕರ ಉಪದೇಶದಿಂದ ಆಗದ್ದು ಒಂದು ಕ್ಯಾನಿನ ಆಕಾರದಿಂದ ಆಯಿತು!

ಇದೇ ಊರಿನ ಮಂಡಕ್ಕಿ ಭಟ್ಟಿಗಳಿಗೂ ಇಂಥ ಬುದ್ಧಿ ಬೇಕಾಗಿದೆ. ಭದ್ರೆಯ ನೀರಿನ ಭತ್ತ ಅಲ್ಲಿ ಕಾದ ಮರಳಿನಲ್ಲಿ ಅರಳಿ ನಾಡಿಗೆಲ್ಲ ಹೋಗುತ್ತದೆ. ಅದನ್ನು ಹುರಿಯುವವರು ಹೊಗೆಯಲ್ಲಿ ನಿಂತಿರುತ್ತಾರೆ. 2016ರ ಜನವರಿಯಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆಯ ಹೆಸರು ಬಂದಾಗ ಬಹಳ ಸಂಭ್ರಮವಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದ ವಿಜ್ಞಾನಿಗಳು ಹಳ್ಳಿಯ ಅಡುಗೆಮನೆಯಲ್ಲಿ ಕುಳಿತು, ಸೌದೆ ಅಳೆದು, ಮೂರು ಪಾತ್ರೆಯ ಅಸ್ತ್ರ ಒಲೆಯನ್ನು ರೂಪಿಸಿದ್ದರು. ಭಟ್ಟಿಯವರ ಪಕ್ಕ ಹಾಗೆ ಕುಳಿತು ಅಳೆಯುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ದಾವಣಗೆರೆಯಲ್ಲಿ ಸಿಗದೆ ಇರುತ್ತಾರೆಯೆ?

ಕೊನೆಯದಾಗಿ ಮಲೆನಾಡಿನವರಿಗೆ ಒಂದು ತುರ್ತಿನ ವಿಷಯ. ನಮ್ಮಲ್ಲಿ ಸೋಗೆ, ಹುಲ್ಲಿನ ಮಾಡು ಹೋಗಿ ಮಂಗಳೂರು ಹೆಂಚು ಬಂದಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಹೊರಗಿನಿಂದ ಬಂದ ವಸ್ತುವಾದರೂ ಇಳಿಜಾರು ಮಾಡಿಗೆ, ಸುರಿಯುವ ಮಳೆಗೆ ಅದು ಒಗ್ಗಿತು. ಈಗ ಸರ್ಕಾರದ ವಸತಿ ಯೋಜನೆಯ ಮನೆಗಳಿಗೆ ತಳಪಾಯ, ಲಿಂಟಲ್, ಛಾವಣಿ ಎಂದು ಹಂತಹಂತವಾಗಿ ಫೋಟೋ ತೆಗೆದು ಹಣ ಬಿಡುಗಡೆ ಮಾಡುತ್ತಾರೆ. ಫೋಟೋದಲ್ಲಿ ಬೇಗ ಕಾಣುವ, ಅಂದಾಜುಪಟ್ಟಿ ಸಿದ್ಧವಾಗಿರುವ ಮನೆಯೆಂದರೆ ಚಪ್ಪಟೆ ತಾರಸಿಯ ಪೆಟ್ಟಿಗೆ. ಬಯಲುಸೀಮೆಗೇ ಹೊಂದದ ಆ ತಾರಸಿ ಆಗುಂಬೆಯ ಮಳೆಗೆ ಹೇಗೆ ಹೊಂದೀತು? ಮೂರನೆಯ ಮಳೆಗಾಲಕ್ಕೆ ಗೋಡೆ ಪಾಚಿಗಟ್ಟುತ್ತದೆ, ಮನೆಯವರು ಸಾಲ ಮಾಡಿ ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ತಗಡಿನ ಶೀಟು ಹೊದಿಸುತ್ತಾರೆ. ಒಂದು ಮನೆಗೆ ಎರಡು ಮಾಡು, ಎರಡು ಖರ್ಚು. ಮುಂದಿನ ಗ್ರಾಮಸಭೆಯಲ್ಲಿ ಇಳಿಜಾರು ಹೆಂಚಿನ ಮಾಡಿಗೂ ಅಂದಾಜುಪಟ್ಟಿ ಮಾಡಿಕೊಡಿ ಎಂದು ಎಂಜಿನಿಯರನ್ನು ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ.

ಅಲ್ಲಿ ತೋರಿಸಲು ಅಂಕಿಗಳು ಬೇಕಾಗುತ್ತವೆ. ವಿದ್ಯಾರ್ಥಿಗಳಿಂದ ನಾನು ಬಯಸುವ ಕೆಲಸ ಅದು. ಒಂದೇ ಊರಿನ ಮೂರು ಮನೆಗಳನ್ನು ಆರಿಸಿಕೊಳ್ಳಿ: ಮಾಳಿಗೆ ಅಥವಾ ಹೆಂಚಿನದು ಒಂದು, ತಾರಸಿಯದು ಒಂದು, ತಗಡಿನದು ಒಂದು. ಗೋಡೆಗೆ ತಾಗದಂತೆ, ನೆಲದಿಂದ ಮೂರು ಅಡಿ ಮೇಲೆ ಉಷ್ಣಮಾಪಕವನ್ನು ತೂಗುಹಾಕಿ, ಮಧ್ಯಾಹ್ನ ಎರಡು ಗಂಟೆಗೆ ಮತ್ತು ರಾತ್ರಿ ಹತ್ತು ಗಂಟೆಗೆ ಓದಿ ಬರೆದಿಡಿ. ಹೋಳಿಹುಣ್ಣಿಮೆಯಿಂದ ಬಸವ ಜಯಂತಿಯವರೆಗೆ ಸಾಕು. ಫ್ಯಾನು ಹಾಕಿತ್ತೇ, ಕಿಟಕಿ ತೆರೆದಿತ್ತೇ ಎಂಬುದನ್ನೂ ಪಕ್ಕದಲ್ಲಿ ನಮೂದಿಸಿ. ಬಂದ ಅಂಕಿಗಳನ್ನು ಈ ಪತ್ರಿಕೆಯ ವಿಳಾಸಕ್ಕೆ ಕಳುಹಿಸಿದರೆ ಮಳೆಗಾಲದ ಸಂಚಿಕೆಯಲ್ಲಿ ಪಟ್ಟಿ ಮಾಡಿ ಅಚ್ಚು ಹಾಕಲು ಸಂಪಾದಕರು ಒಪ್ಪಿದ್ದಾರೆ.